ದುಡ್ಡು ಕೊಡದೆ ಲಂಡನ್ ನೋಡುವ ಎರಡು ತಾರಸಿ ತೋಟಗಳು: ಟಿಕೆಟ್‌ನಿಂದ ಹಿಡಿದು ಇಳಿದು ಬರುವವರೆಗೆ

ಊರಿಂದ ಅಪ್ಪ ಅಮ್ಮ ಬಂದಾಗ ಲಂಡನ್ನಿನಲ್ಲಿರುವ ನಮ್ಮಂಥವರಿಗೆ ಒಂದೇ ಯೋಚನೆ. ಎಲ್ಲಿಗೆ ಕರೆದುಕೊಂಡು ಹೋಗೋದು? ಎತ್ತರದಿಂದ ಊರು ತೋರಿಸಬೇಕು ಅಂತ ಲಂಡನ್ ಐ ಕಡೆ ಹೊರಟರೆ ನಾಲ್ಕು ಜನರ ಟಿಕೆಟ್‌ಗೆ ನೂರು ಪೌಂಡ್ ಮೀರುತ್ತದೆ. ಅಮ್ಮ ನಿಂತಲ್ಲೇ ಅದನ್ನು ರೂಪಾಯಿಗೆ ಲೆಕ್ಕ ಹಾಕುತ್ತಾಳೆ. "ನಾನು ಇಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂದುಬಿಡುತ್ತಾಳೆ.

ಹಾಗಾಗಿ ನಾನು ಯಾರು ಬಂದರೂ ಮೊದಲು ಕರೆದುಕೊಂಡು ಹೋಗುವುದು ಫೆನ್‌ಚರ್ಚ್ ಸ್ಟ್ರೀಟ್‌ಗೆ. ಅಲ್ಲಿ ಒಂದೇ ರಸ್ತೆಯಲ್ಲಿ ಎರಡು ತಾರಸಿ ತೋಟಗಳಿವೆ. ಒಂದು ದೊಡ್ಡದು, ಹೆಸರುವಾಸಿ: ಸ್ಕೈ ಗಾರ್ಡನ್. ಇನ್ನೊಂದು ಚಿಕ್ಕದು, ಗೊತ್ತಿರುವವರು ಕಡಿಮೆ: ಗಾರ್ಡನ್ ಅಟ್ 120. ಎರಡಕ್ಕೂ ಒಂದು ಪೆನ್ನಿ ಕೊಡಬೇಕಿಲ್ಲ. ಎರಡರ ನಡುವೆ ಐದು ನಿಮಿಷದ ನಡಿಗೆ. ಒಂದೇ ದಿನ ಎರಡನ್ನೂ ನೋಡಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಉಚಿತ ಅಂದರೆ ಯಾರೋ ಮಾಡಿದ ಉಪಕಾರ ಅಲ್ಲ

ಇದನ್ನು ಮೊದಲೇ ಹೇಳಬೇಕು. ನಮ್ಮವರು ಬಹಳ ಜನ ಆ ಗಾಜಿನ ಬಾಗಿಲು, ಸೂಟು ಹಾಕಿದ ಸೆಕ್ಯುರಿಟಿಯವರನ್ನು ನೋಡಿ ಹಿಂಜರಿಯುತ್ತಾರೆ. "ಇದು ಆಫೀಸು, ನಮ್ಮನ್ನು ಬಿಡ್ತಾರಾ?" ಅಂತ ಅಪ್ಪನೂ ಕೇಳಿದ್ದರು.

ಬಿಡಲೇಬೇಕು. ಸ್ಕೈ ಗಾರ್ಡನ್ ಇರುವುದು 20 ಫೆನ್‌ಚರ್ಚ್ ಸ್ಟ್ರೀಟ್ ಎಂಬ 160 ಮೀಟರ್ ಎತ್ತರದ ಆಫೀಸ್ ಕಟ್ಟಡದ ನೆತ್ತಿಯ ಮೇಲೆ. ಲಂಡನ್ನಿನ ಹಳೆಯ ವ್ಯಾಪಾರದ ಭಾಗವಾದ ಸಿಟಿ ಆಫ್ ಲಂಡನ್‌ನಲ್ಲಿ ಎತ್ತರದ ಕಟ್ಟಡಗಳೆಲ್ಲ ಒಂದು ಕಡೆ ಗುಂಪಾಗಿವೆ. ಇದು ಆ ಗುಂಪಿನಿಂದ ಹೊರಗೆ, ನದಿಯ ಹತ್ತಿರ ಒಂಟಿಯಾಗಿ ನಿಂತಿದೆ. ಅಂಥ ಜಾಗದಲ್ಲಿ ಇಷ್ಟು ಎತ್ತರ ಕಟ್ಟಲು ಬಹಳ ವಿರೋಧ ಬಂತು. 2007ರಲ್ಲಿ ಸಾರ್ವಜನಿಕ ವಿಚಾರಣೆ ನಡೆದ ಮೇಲೆ ಅನುಮತಿ ಸಿಕ್ಕಿತು. ಮೇಲಿನ ಮಹಡಿಗಳಲ್ಲಿ ಜನರಿಗಾಗಿ ತೋಟ ಮಾಡಿ, ದುಡ್ಡಿಲ್ಲದೆ ಬಿಡಬೇಕು ಎನ್ನುವುದು ಆ ಒಪ್ಪಂದದ ಭಾಗ. ಕಟ್ಟಡ ಆಕಾಶವನ್ನು ಮುಚ್ಚಿತು, ಅದಕ್ಕೆ ಬದಲಾಗಿ ಊರಿನವರು ಅದರ ತಲೆ ಮೇಲೆ ಹತ್ತಿ ನಿಲ್ಲುವ ಹಕ್ಕು ಪಡೆದರು. ಆದ್ದರಿಂದ ಧೈರ್ಯವಾಗಿ ಒಳಗೆ ಹೋಗಿ.

ತೋಟ ತೆರೆದದ್ದು 2015ರ ಜನವರಿಯಲ್ಲಿ. ಕಟ್ಟಡದ ವಿನ್ಯಾಸ ರಫಾಯೆಲ್ ವಿನ್ಯೋಲಿ ಅವರದು. ಬುಡ ಸಣ್ಣ, ತಲೆ ದಪ್ಪ. ಇಲ್ಲಿಯ ಜನ ಅದಕ್ಕೆ ವಾಕಿ ಟಾಕಿ ಅಂತ ಹೆಸರಿಟ್ಟಿದ್ದಾರೆ. ಇದರ ನದಿ ಕಡೆಯ ಮುಖ ಒಳಬಾಗಿದ ಕನ್ನಡಿಯಂತಿದೆ. 2013ರ ಬೇಸಿಗೆಯಲ್ಲಿ, ಕಟ್ಟಡ ಇನ್ನೂ ಮುಗಿಯುವ ಮೊದಲೇ, ಆ ಕನ್ನಡಿ ಬಿಸಿಲನ್ನೆಲ್ಲ ಒಟ್ಟುಮಾಡಿ ಕೆಳಗಿನ ಈಸ್ಟ್‌ಚೀಪ್ ರಸ್ತೆಗೆ ಬಿಟ್ಟಿತು. ಅಲ್ಲಿ ನಿಲ್ಲಿಸಿದ್ದ ಒಂದು ಜಾಗ್ವಾರ್ ಕಾರಿನ ಭಾಗಗಳು ಕರಗಿ ಸೊಟ್ಟಗಾದವು. ಭೂತಗನ್ನಡಿಯಲ್ಲಿ ಕಾಗದ ಸುಡುತ್ತಿದ್ದೆವಲ್ಲ ಚಿಕ್ಕಂದಿನಲ್ಲಿ, ಹೆಚ್ಚುಕಡಿಮೆ ಅದೇ ಲೆಕ್ಕ. ಆಮೇಲೆ ಆ ಮುಖಕ್ಕೆ ಬಿಸಿಲು ತಡೆಯುವ ಪಟ್ಟಿಗಳನ್ನು ಹಾಕಿದರು. ಮಕ್ಕಳ ಜೊತೆ ಹೋದರೆ ಈ ಕಥೆಯನ್ನು ಕೆಳಗೆ ನಿಂತೇ ಹೇಳಿ, ತಲೆ ಎತ್ತಿ ನೋಡುತ್ತಾ ಕೇಳುತ್ತಾರೆ.

ಹಂತ 1: ಟಿಕೆಟ್

ಸ್ಕೈ ಗಾರ್ಡನ್‌ಗೆ ಟಿಕೆಟ್ ಬೇಕು. ದುಡ್ಡಿಲ್ಲ, ಆದರೆ ಹೆಸರು, ದಿನ, ಹೊತ್ತು ನಮೂದಿಸಿ ಮುಂಚೆಯೇ ಕಾದಿರಿಸಬೇಕು. ಅದನ್ನು ಅವರದೇ ವೆಬ್‌ಸೈಟ್‌ನಲ್ಲಿ ಮಾತ್ರ ಮಾಡಿ: ಸ್ಕೈಗಾರ್ಡನ್ ಡಾಟ್ ಲಂಡನ್.

"ಮಾತ್ರ" ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಗೆಳತಿಯೊಬ್ಬಳು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಯಾವುದೋ ಪ್ರವಾಸದ ಸೈಟ್ ಒತ್ತಿ, ಅತ್ತೆ ಮಾವನಿಗೆ ಅಂತ ತಲೆಗೆ ಇಷ್ಟು ಅಂತ ದುಡ್ಡು ಕಟ್ಟಿದಳು. ಒಳಗೆ ಹೋದ ಮೇಲೆ ಪಕ್ಕದಲ್ಲಿ ನಿಂತವರು ಏನೂ ಕೊಡದೆ ಬಂದಿದ್ದಾರೆ ಅಂತ ಗೊತ್ತಾಯಿತು. ನೋಡುವುದಕ್ಕೆ ಬರೀ ಪ್ರವೇಶಕ್ಕೆ ದುಡ್ಡು ಕೇಳಿದರೆ ಆ ಪುಟ ಮುಚ್ಚಿಬಿಡಿ.

ಹೊಸ ಟಿಕೆಟ್‌ಗಳನ್ನು ವಾರಕ್ಕೊಮ್ಮೆ, ಸೋಮವಾರ ಬಿಡುತ್ತಾರೆ. ತಿಂಗಳುಗಟ್ಟಲೆ ಮುಂಚೆ ಸಿಗುವುದಿಲ್ಲ, ಕೆಲವೇ ವಾರ ಮುಂದಿನವರೆಗೆ ಮಾತ್ರ. ಶನಿವಾರ, ಭಾನುವಾರದ ಸಂಜೆ ಹೊತ್ತು ಬಲು ಬೇಗ ಖಾಲಿಯಾಗುತ್ತದೆ. ನಾನು ಮಾಡುವುದು ಇಷ್ಟು. ಹೋಗಬೇಕಾದ ದಿನಕ್ಕೆ ಎರಡು ವಾರ ಇದೆ ಅನ್ನುವಾಗ ಸೋಮವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಫೋನ್ ಹಿಡಿದು ಕೂರುತ್ತೇನೆ. ಮಕ್ಕಳನ್ನೂ ಸೇರಿಸಿ ಎಲ್ಲರ ಲೆಕ್ಕ ಕೊಡುತ್ತೇನೆ. ಮಿಂಚಂಚೆಯಲ್ಲಿ ಬಂದ ಟಿಕೆಟ್‌ಗಳ ಚಿತ್ರ ತೆಗೆದು ಇಟ್ಟುಕೊಳ್ಳುತ್ತೇನೆ, ಬಾಗಿಲಲ್ಲಿ ನಿಂತಾಗ ನೆಟ್‌ವರ್ಕ್ ಕೈಕೊಟ್ಟರೂ ತೊಂದರೆ ಇಲ್ಲ. ಕಾದಿರಿಸಿದವರು ಫೋಟೊ ಇರುವ ಗುರುತಿನ ಚೀಟಿಯೊಂದನ್ನು ಜೊತೆಗೆ ಇಟ್ಟುಕೊಂಡಿದ್ದರೆ ಒಳ್ಳೆಯದು.

ಟಿಕೆಟ್ ಸಿಗಲಿಲ್ಲವಾ? ಬೇಜಾರು ಬೇಡ. ವಾರದ ದಿನಗಳಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು, ಒಳಗೆ ಜಾಗ ಇದ್ದರೆ ಟಿಕೆಟ್ ಇಲ್ಲದವರನ್ನೂ ಬಿಡುತ್ತಾರೆ. ಮಂಗಳವಾರ, ಬುಧವಾರ ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ ಸಾಲಿನಲ್ಲಿ ನಿಂತರೆ ಅವಕಾಶ ಜಾಸ್ತಿ. ಶಾಲೆಗೆ ರಜ ಇರುವ ವಾರಗಳಲ್ಲಿ ಇದನ್ನು ನಂಬಿಕೊಂಡು ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ಗಾರ್ಡನ್ ಅಟ್ 120ಕ್ಕೆ ಇದ್ಯಾವುದೂ ಬೇಡ. ಸುಮ್ನೆ ನಡೆದುಕೊಂಡು ಹೋಗಿ, ಬ್ಯಾಗ್ ತೋರಿಸಿ, ಲಿಫ್ಟ್ ಹತ್ತಿ. ದೊಡ್ಡದಕ್ಕೆ ಟಿಕೆಟ್ ತಪ್ಪಿದರೂ ದಿನ ಹಾಳಾಗದಂತೆ ಕಾಯುವುದು ಇದೇ.

ಹಂತ 2: ಯಾವ ದಿನ, ಯಾವ ಹೊತ್ತು

ಎಲ್ಲರಿಗೂ ಸೂರ್ಯ ಮುಳುಗುವುದನ್ನು ನೋಡುವ ಆಸೆ. ಇಲ್ಲಿ ಒಂದು ಲೆಕ್ಕ ಇದೆ, ನಮ್ಮೂರಿನಂತೆ ವರ್ಷವಿಡೀ ಆರೂವರೆ ಅಲ್ಲ. ಜೂನ್ ಕೊನೆಯಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9:20ಕ್ಕೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ 3:50ಕ್ಕೇ ಮುಳುಗಿಬಿಡುತ್ತಾನೆ.

ಸ್ಕೈ ಗಾರ್ಡನ್‌ನ ಉಚಿತ ಹೊತ್ತು ವಾರದ ದಿನ ಬೆಳಿಗ್ಗೆ 10ರಿಂದ ಸಂಜೆ 6, ವಾರಾಂತ್ಯ ಬೆಳಿಗ್ಗೆ 11ರಿಂದ ರಾತ್ರಿ 9. ಹಬ್ಬದ ದಿನಗಳಲ್ಲಿ ಬದಲಾಗುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಈಗ ಎರಡನ್ನೂ ಕೂಡಿಸಿ. ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ವಾರದ ಯಾವ ದಿನ ಹೋದರೂ ಮೂರೂವರೆಯಿಂದ ನಾಲ್ಕೂವರೆ ಒಳಗೆ ಹೋದರೆ ಮುಳುಗುವ ಸೂರ್ಯ ಸಿಗುತ್ತಾನೆ. ಏಪ್ರಿಲ್‌ನಲ್ಲಿ, ಆಗಸ್ಟ್ ಕೊನೆಯಲ್ಲಿ ವಾರಾಂತ್ಯದ ಏಳು ಗಂಟೆಯ ಟಿಕೆಟ್ ಹಿಡಿಯಿರಿ. ಜೂನ್, ಜುಲೈನಲ್ಲಿ ಸೂರ್ಯಾಸ್ತದ ಆಸೆ ಬಿಡಿ. ಬದಲಿಗೆ ಬೆಳಿಗ್ಗೆ ಹೋಗಿ, ಜನ ಕಡಿಮೆ.

ಚಳಿಗಾಲದ ಮಧ್ಯಾಹ್ನವೇ ನನಗೆ ಎಲ್ಲಕ್ಕಿಂತ ಇಷ್ಟ. ಒಂದೇ ಗಂಟೆಯಲ್ಲಿ ಹಗಲು, ಸಂಜೆ, ದೀಪ ಹತ್ತಿದ ಊರು, ಮೂರನ್ನೂ ನೋಡಬಹುದು. ಮಳೆ ಮೋಡ ತೀರಾ ತಗ್ಗಿರುವ ದಿನ ಮಾತ್ರ ಬೇಡ. ಶಾರ್ಡ್ ಕಟ್ಟಡದ ತುದಿ ಕೆಳಗಿನಿಂದ ಕಾಣದಿದ್ದರೆ ಮೇಲಿನಿಂದಲೂ ಹೆಚ್ಚೇನೂ ಕಾಣುವುದಿಲ್ಲ.

ಹಂತ 3: ತಲುಪುವುದು

ಹತ್ತಿರದ ಟ್ಯೂಬ್ (ಲಂಡನ್ ಮೆಟ್ರೊ) ನಿಲ್ದಾಣ ಮಾನ್ಯುಮೆಂಟ್. ಅಲ್ಲಿಂದ ಐದು ನಿಮಿಷ. ಆದರೆ ಮಂಡಿ ನೋವಿನವರು, ಮಕ್ಕಳ ತಳ್ಳುಗಾಡಿ ಇದ್ದರೆ ಟವರ್ ಹಿಲ್‌ನಲ್ಲಿ ಇಳಿಯಿರಿ. ಅಲ್ಲಿ ರೈಲಿನಿಂದ ರಸ್ತೆವರೆಗೆ ಲಿಫ್ಟ್ ಇದೆ. ಹತ್ತು ನಿಮಿಷ ನಡೆಯಬೇಕು. ಹೀಥ್ರೋ ಕಡೆಯಿಂದ ಎಲಿಜಬೆತ್ ಲೈನ್‌ನಲ್ಲಿ ಬರುವವರಿಗೆ ಲಿವರ್‌ಪೂಲ್ ಸ್ಟ್ರೀಟ್ ಸರಿ.

ರೈಲಿನ ಗೇಟ್ ದಾಟಲು ಒಬ್ಬರಿಗೆ ಒಂದು ಕಾರ್ಡ್ ಬೇಕು. ಒಂದೇ ಕಾರ್ಡನ್ನು ಇಬ್ಬರು ಮುಟ್ಟಿಸಿ ದಾಟಲು ಆಗುವುದಿಲ್ಲ. ಅಪ್ಪ ಅಮ್ಮನಿಗೆ ಆಯ್ಸ್ಟರ್ ಕಾರ್ಡ್ ಕೊಡಿಸಿದರೆ ಅವರಿಗೇ ಒಂದು ಹುರುಪು, ಕೊರಳಿಗೆ ಹಾಕಿಕೊಂಡು ತಾವೇ ಮುಟ್ಟಿಸುತ್ತಾರೆ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಉಚಿತ.

ಸ್ಕೈ ಗಾರ್ಡನ್‌ನ ಬಾಗಿಲು ಫೆನ್‌ಚರ್ಚ್ ಸ್ಟ್ರೀಟ್‌ನಲ್ಲಿ ಹುಡುಕಬೇಡಿ, ಅದು ಆಫೀಸಿನವರದು. ಪಕ್ಕದ ಸಣ್ಣ ಗಲ್ಲಿ ಫಿಲ್ಪಾಟ್ ಲೇನ್‌ಗೆ ಬನ್ನಿ. ಮಕ್ಕಳಿಗೆ ಇಲ್ಲೊಂದು ಕೆಲಸ ಕೊಡಿ. ಈ ಗಲ್ಲಿ ಈಸ್ಟ್‌ಚೀಪ್‌ಗೆ ಸೇರುವ ಮೂಲೆಯ ಕಟ್ಟಡದ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಚೀಸ್ ತುಂಡಿಗೆ ಕಿತ್ತಾಡುವ ಎರಡು ಪುಟಾಣಿ ಇಲಿಗಳ ಶಿಲ್ಪ ಇದೆ. ಲಂಡನ್ನಿನ ಅತಿ ಚಿಕ್ಕ ಶಿಲ್ಪ ಅಂತ ಹೇಳುತ್ತಾರೆ. ಮೊದಲು ಕಂಡುಹಿಡಿದವರಿಗೆ ಐಸ್‌ಕ್ರೀಮ್ ಅಂದರೆ ಸಾಲಿನಲ್ಲಿ ಕಾಯುವ ಹೊತ್ತೂ ಕಳೆಯುತ್ತದೆ.

ಹಂತ 4: ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಬಾಗಿಲಲ್ಲಿ ವಿಮಾನ ನಿಲ್ದಾಣದ ಥರ ತಪಾಸಣೆ. ಬ್ಯಾಗ್, ಜಾಕೆಟ್, ಬೆಲ್ಟ್ ಟ್ರೇನಲ್ಲಿ ಇಟ್ಟು ದಾಟಬೇಕು. ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ. ಹಣ್ಣು ಕತ್ತರಿಸಲು ಅಂತ ಅಮ್ಮಂದಿರು ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿರುವ ಪುಟ್ಟ ಚಾಕು ಮನೆಯಲ್ಲೇ ಇರಲಿ. ಊಟದ ಡಬ್ಬಿ ಮೇಲೆ ತೆರೆಯಬೇಡಿ, ಅದಕ್ಕೆ ಬೇರೆ ಒಳ್ಳೆಯ ಜಾಗ ಇದೆ, ಹೇಳುತ್ತೇನೆ.

ಸ್ವೆಟರ್ ಮರೆಯಬೇಡಿ. ಗಾಜಿನ ಮನೆ ಅಲ್ವಾ, ಬೆಚ್ಚಗಿರುತ್ತದೆ ಅಂದುಕೊಳ್ಳಬಾರದು. ಚಳಿಗಾಲದಲ್ಲಿ ತೋಟದೊಳಗೂ ತಣ್ಣಗಿರುತ್ತದೆ, ಹೊರಗಿನ ತಾರಸಿಯಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಸೀರೆ ಉಟ್ಟವರು ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಿಕೊಳ್ಳಿ. ನಮ್ಮಮ್ಮ ಮೊದಲ ಸಲ ಹೋದಾಗ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದೇ ನಿಂತಿದ್ದಳು, ನೋಡಬೇಕಾದದ್ದನ್ನು ನೋಡಲು ಆಗಲಿಲ್ಲ.

ಹಂತ 5: ಮೇಲೆ ಹೋದ ಮೇಲೆ, ಈ ದಿಕ್ಕಿನಲ್ಲಿ ಸುತ್ತಿ

ಲಿಫ್ಟ್ ನೇರವಾಗಿ 35ನೇ ಮಹಡಿಗೆ ಬಿಡುತ್ತದೆ. ಬಾಗಿಲು ತೆರೆದ ಕೂಡಲೇ ಎದುರಿಗೆ ಗಾಜು, ಅದರಾಚೆ ಆಕಾಶ. ಎಲ್ಲರೂ ಅತ್ತ ಓಡುತ್ತಾರೆ. ನೀವೂ ಓಡಿ, ತಪ್ಪಿಲ್ಲ.

ಅದು ದಕ್ಷಿಣ, ನದಿಯ ಕಡೆ. ಹವಾ ಚೆನ್ನಾಗಿದ್ದರೆ ಗಾಜಿನ ಬಾಗಿಲು ದಾಟಿ ತೆರೆದ ತಾರಸಿಗೆ ಹೋಗಬಹುದು, ಗಾಳಿ ಜಾಸ್ತಿ ಇದ್ದರೆ ಮುಚ್ಚಿರುತ್ತಾರೆ. ಕಾಲ ಕೆಳಗೆ ಥೇಮ್ಸ್. ನದಿಯಾಚೆ ನೇರ ಎದುರಿಗೆ 310 ಮೀಟರ್ ಎತ್ತರದ ಶಾರ್ಡ್, ಒಡೆದ ಗಾಜಿನ ಚೂರಿನಂತೆ ತುದಿ ಮೊನಚು. ಎಡಕ್ಕೆ ತಿರುಗಿ. ನದಿಯಲ್ಲಿ ನಿಂತ ಬೂದು ಬಣ್ಣದ ಯುದ್ಧನೌಕೆ ಎಚ್‌ಎಂಎಸ್ ಬೆಲ್‌ಫಾಸ್ಟ್, ಅದರಾಚೆ 1894ರಲ್ಲಿ ತೆರೆದ ಟವರ್ ಬ್ರಿಡ್ಜ್, ಈ ದಡದಲ್ಲಿ ಟವರ್ ಆಫ್ ಲಂಡನ್ ಕೋಟೆ. ಮಕ್ಕಳು ಪುಸ್ತಕದಲ್ಲಿ ನೋಡಿದ ಆ ಸೇತುವೆ ಇಲ್ಲಿಂದ ಆಟಿಕೆಯಷ್ಟು.

ಈಗ ಬಲಕ್ಕೆ ಬನ್ನಿ. ಕೆಳಗೆ ಹತ್ತಿರದಲ್ಲೇ, ತುದಿಯಲ್ಲಿ ಚಿನ್ನದ ಬಣ್ಣದ ಜ್ವಾಲೆ ಇರುವ ಕಲ್ಲಿನ ಕಂಬ ಕಾಣುತ್ತದಾ? ಅದೇ ಮಾನ್ಯುಮೆಂಟ್. 1666ರಲ್ಲಿ ಲಂಡನ್ನಿಗೆ ಬಿದ್ದ ದೊಡ್ಡ ಬೆಂಕಿಯ ನೆನಪಿಗೆ ಕಟ್ಟಿದ್ದು. ಅದರ ಎತ್ತರ 202 ಅಡಿ, ಬೆಂಕಿ ಹತ್ತಿದ ಬೇಕರಿಗೂ ಕಂಬಕ್ಕೂ ಇರುವ ದೂರವೂ 202 ಅಡಿ. ಅದರಾಚೆ ಪಶ್ಚಿಮಕ್ಕೆ ಸೇಂಟ್ ಪಾಲ್ಸ್ ಚರ್ಚಿನ ಬೂದು ಗುಮ್ಮಟ. ಆ ಬೆಂಕಿಯಲ್ಲಿ ಹಳೆಯದು ಸುಟ್ಟ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. 1930ರ ದಶಕದಿಂದಲೂ ಆ ಗುಮ್ಮಟದ ನೋಟ ಮುಚ್ಚದಂತೆ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದ್ದಾರೆ. ಅದಕ್ಕೇ ಅದರ ಸುತ್ತ ತಗ್ಗು, ನಿಮ್ಮ ಬೆನ್ನ ಹಿಂದೆ ಕಟ್ಟಡಗಳ ಕಾಡು.

ಇಲ್ಲಿಗೆ ಅರ್ಧ ಜನ ಫೋಟೊ ತೆಗೆದುಕೊಂಡು ಇಳಿದುಹೋಗುತ್ತಾರೆ. ನೀವು ಹೋಗಬೇಡಿ. ತೋಟ ಇರುವುದು ಹಿಂದೆ.

ಎರಡೂ ಪಕ್ಕದಲ್ಲಿ ಮೆಟ್ಟಿಲುಗಳು ಮೇಲೆ ಹೋಗುತ್ತವೆ, ಗುಡ್ಡದ ಹೊಲದ ಹಾಗೆ ಹಂತ ಹಂತವಾಗಿ ಗಿಡಗಳು. ಬಹುಪಾಲು ಮೆಡಿಟರೇನಿಯನ್ ಕಡೆಯವು, ದಕ್ಷಿಣ ಆಫ್ರಿಕಾದವು. ಬರ ತಡೆಯುವಂಥವನ್ನೇ ಆರಿಸಿ ನೆಟ್ಟಿದ್ದಾರೆ. ನಿಧಾನವಾಗಿ ಹತ್ತಿ. ಅಮ್ಮ ಅಲ್ಲಿಯವರೆಗೆ "ಚೆನ್ನಾಗಿದೆ" ಅನ್ನುವುದಕ್ಕಿಂತ ಹೆಚ್ಚೇನೂ ಮಾತಾಡಿರಲಿಲ್ಲ. ಮೆಟ್ಟಿಲ ಪಕ್ಕದ ಲ್ಯಾವೆಂಡರ್ ಗಿಡದ ಎಲೆಯನ್ನು, ಕೀಳದೆ, ಎರಡು ಬೆರಳಲ್ಲಿ ಮೆಲ್ಲಗೆ ಸವರಿ ಮೂಗಿಗೆ ಹಿಡಿದಳು. ಆಮೇಲೆ ಅಪ್ಪನ ಮೂಗಿಗೂ ಹಿಡಿದಳು. ಇನ್ನೂ ಮೇಲೆ ಆಳೆತ್ತರ ಮೀರಿದ ಜರೀಗಿಡದ ಮುಂದೆ ನಿಂತು "ಇದು ಮಡಿಕೇರಿಗೆ ಹೋಗುವಾಗ ಇತ್ತಲ್ಲ, ಅದರ ಅಣ್ಣತಮ್ಮ" ಅಂದಳು. ಕಿತ್ತಳೆ, ನೀಲಿ ಬಣ್ಣದ ಬರ್ಡ್ ಆಫ್ ಪ್ಯಾರಡೈಸ್ ಹೂವೂ ಇದೆ, ಬೆಂಗಳೂರಿನ ಪಾರ್ಕುಗಳಲ್ಲಿ ನೋಡಿರುತ್ತೀರಿ. ನಮ್ಮವರಿಗೆ ಕಟ್ಟಡಕ್ಕಿಂತ ಗಿಡದ ಮುಂದೆ ಮಾತು ಬೇಗ ಬರುತ್ತದೆ. ಅವರನ್ನು ಅವಸರ ಮಾಡಬೇಡಿ. ಮೆಟ್ಟಿಲು ಹತ್ತಲಾಗದವರಿಗೆ ಮೇಲಿನ ಮಹಡಿಗಳಿಗೂ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿ.

ತುದಿಗೆ ಹೋದರೆ ಉತ್ತರದ ಗಾಜು. ಇಲ್ಲಿ ಎತ್ತರದ ಕಟ್ಟಡಗಳು ಒಂದರ ಭುಜಕ್ಕೆ ಒಂದು ತಾಗಿಕೊಂಡು ನಿಂತಿವೆ. ಸೌತೆಕಾಯಿಯಂತಿರುವುದು ಗರ್ಕಿನ್. ಒಂದು ಪಕ್ಕ ಹಿಂದಕ್ಕೆ ವಾಲಿದ್ದು ಲೆಡನ್‌ಹಾಲ್ ಬಿಲ್ಡಿಂಗ್, ಅದು ವಾಲಿರುವುದೂ ಸೇಂಟ್ ಪಾಲ್ಸ್ ನೋಟಕ್ಕೆ ಅಡ್ಡ ಬರಬಾರದು ಅಂತಲೇ. ಎಲ್ಲಕ್ಕಿಂತ ಎತ್ತರದ್ದು 278 ಮೀಟರ್‌ನ 22 ಬಿಷಪ್ಸ್‌ಗೇಟ್.

ಅವುಗಳ ಮುಂದೆ, ತಗ್ಗಿನಲ್ಲಿ, ಕೊಳವೆ, ಮೆಟ್ಟಿಲು, ಲಿಫ್ಟ್ ಎಲ್ಲ ಹೊರಗೇ ಕಾಣುವ ಉಕ್ಕಿನ ಕಟ್ಟಡ ಹುಡುಕಿ. ಅದು ಲಾಯ್ಡ್ಸ್ ಎಂಬ ವಿಮಾ ಮಾರುಕಟ್ಟೆಯದು, ರಿಚರ್ಡ್ ರಾಜರ್ಸ್ ವಿನ್ಯಾಸ, 1986ರಲ್ಲಿ ತೆರೆದದ್ದು. ಕನ್ನಡದವರು ಅದನ್ನು ನೋಡದೆ ಇಳಿಯಬಾರದು. ಅದು ನಿಂತಿರುವ ಜಾಗದಲ್ಲಿ ಮೊದಲು ಇದ್ದದ್ದು ಈಸ್ಟ್ ಇಂಡಿಯಾ ಹೌಸ್, ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ. 1861ರಲ್ಲಿ ಅದನ್ನು ಕೆಡವಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯಿಂದ ಹೊತ್ತು ತಂದ ಮರದ ಹುಲಿಯನ್ನು 1808ರಿಂದ ಜನರ ನೋಟಕ್ಕೆ ಇಟ್ಟಿದ್ದೂ ಅಲ್ಲೇ.

ನಮ್ಮೂರಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಅಪ್ಪ ಚಿಕ್ಕಂದಿನಲ್ಲಿ ಆ ಕೋಟೆಯ ಕಂದಕದ ಹತ್ತಿರ ದನ ಅಟ್ಟಿಕೊಂಡು ಹೋದವರು. ನಾನು ಇದನ್ನು ಹೇಳಿದಾಗ ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನೋಡಿದರು. "ಇಲ್ಲಿಂದಾನಾ ಮಗಾ, ಅವರು ಕಾಗದ ಬರೆದು ಕಳಿಸ್ತಿದ್ದಿದ್ದು?" ಅಂದರು. ಹೌದು ಅಂದೆ. ಬಹಳ ಹೊತ್ತು ಅಲ್ಲೇ ನಿಂತಿದ್ದರು. ಗಾಜಿನ ಮೇಲೆ ಅವರ ಉಸಿರಿನ ಮಬ್ಬು ಬಂದು ಹೋಗುತ್ತಿತ್ತು.

ಈ ಉತ್ತರದ ಕಿಟಕಿಯ ಹತ್ತಿರ ಜನ ಕಡಿಮೆ. ಬೇಕಾದಷ್ಟು ಹೊತ್ತು ನಿಲ್ಲಬಹುದು. ಇಡೀ ಸುತ್ತಿಗೆ ಒಂದು ಗಂಟೆ ಇಟ್ಟುಕೊಳ್ಳಿ, ವಯಸ್ಸಾದವರಿದ್ದರೆ ಒಂದೂವರೆ.

ಫೋಟೊ ಬಗ್ಗೆ ಎರಡು ಮಾತು

ಗಾಜಿನಲ್ಲಿ ನಿಮ್ಮದೇ ನೆರಳು ಬೀಳುತ್ತದೆ. ಫೋನ್‌ನ ಕ್ಯಾಮೆರಾವನ್ನು ಗಾಜಿಗೆ ಅಂಟುವಷ್ಟು ಹತ್ತಿರ ಹಿಡಿಯಿರಿ, ಫ್ಲಾಷ್ ಆರಿಸಿ. ದೀಪ ಹತ್ತಿದ ಮೇಲೆ ಒಳಗಿನ ಬೆಳಕೂ ಗಾಜಿನಲ್ಲಿ ಕಾಣುತ್ತದೆ. ಆಗ ಕಪ್ಪು ಜಾಕೆಟ್ಟನ್ನು ಫೋನಿನ ಸುತ್ತ ಗುಡಾರದಂತೆ ಹಿಡಿದರೆ ಚಿತ್ರ ಶುಭ್ರವಾಗಿ ಬರುತ್ತದೆ. ಮನೆಯವರ ಫೋಟೊ ನದಿ ಕಡೆಗಿಂತ ಗಿಡಗಳ ನಡುವಿನ ಮೆಟ್ಟಿಲಲ್ಲಿ ಚೆನ್ನ, ಮುಖಕ್ಕೆ ಬೆಳಕು ಬೀಳುತ್ತದೆ.

ಹಂತ 6: ಊಟ, ಕೆಳಗೆ ಬಂದು

ಮೇಲೆ ಹೋಟೆಲು, ಬಾರು, ಕಾಫಿ ಎಲ್ಲ ಇದೆ, ಬೆಲೆ ಜಾಸ್ತಿ. ಅಲ್ಲಿ ತಿನ್ನಲೇಬೇಕು ಅಂತ ಯಾರೂ ಒತ್ತಾಯ ಮಾಡುವುದಿಲ್ಲ.

ಚಿತ್ರಾನ್ನದ ಡಬ್ಬಿ ತಂದಿದ್ದರೆ ಕೆಳಗಿಳಿದು ಈಸ್ಟ್‌ಚೀಪ್ ದಾಟಿ ನದಿಯ ಕಡೆಗೆ, ಸೇಂಟ್ ಡನ್‌ಸ್ಟನ್ಸ್ ಹಿಲ್ ಎಂಬ ಬೀದಿಗೆ ನಡೆಯಿರಿ. ಅಲ್ಲಿ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಎಂಬ ಪಾಳು ಚರ್ಚ್ ಇದೆ. 1941ರ ಬಾಂಬ್ ದಾಳಿಯಲ್ಲಿ ಛಾವಣಿ ಹೋಯಿತು. ಮತ್ತೆ ಕಟ್ಟದೆ ಒಳಗೆ ತೋಟ ಮಾಡಿದರು. ಗಾಜಿಲ್ಲದ ಕಲ್ಲಿನ ಕಿಟಕಿಗಳಿಗೆ ಬಳ್ಳಿ ಹಬ್ಬಿದೆ, ನಡುವೆ ಬೆಂಚುಗಳಿವೆ. ಮಧ್ಯಾಹ್ನ ಆಫೀಸಿನವರೂ ಡಬ್ಬಿ ತೆರೆದು ಕೂತಿರುತ್ತಾರೆ. ಪಾರಿವಾಳಕ್ಕೆ ಅನ್ನ ಹಾಕಬೇಡಿ, ಕಸ ಬುಟ್ಟಿಗೆ ಹಾಕಿ, ಅಷ್ಟೇ ನಿಯಮ.

ಹಂತ 7: ಚಿಕ್ಕ ತೋಟ

ಊಟ ಆದ ಮೇಲೆ ಮತ್ತೆ ಫೆನ್‌ಚರ್ಚ್ ಸ್ಟ್ರೀಟ್‌ಗೆ ಬನ್ನಿ. ಕಾಲಿನಲ್ಲಿ ಶಕ್ತಿ ಇದ್ದರೆ ಮೊದಲು ಲೈಮ್ ಸ್ಟ್ರೀಟ್ ಹಿಡಿದು ಲಾಯ್ಡ್ಸ್ ಕಟ್ಟಡದ ಬುಡದವರೆಗೆ ಹೋಗಿ, ಪಕ್ಕದ ಲೆಡನ್‌ಹಾಲ್ ಮಾರ್ಕೆಟ್‌ನ 1881ರ ಬಣ್ಣದ ಛಾವಣಿಯ ಕೆಳಗೆ ಹಾದು ಬನ್ನಿ. ಫೆನ್‌ಚರ್ಚ್ ಸ್ಟ್ರೀಟ್‌ನಲ್ಲಿ ಇವತ್ತಿಗೂ ಈಸ್ಟ್ ಇಂಡಿಯಾ ಆರ್ಮ್ಸ್ ಅನ್ನುವ ಒಂದು ಪಬ್ ಇದೆ. ಕಂಪನಿ ಹೋಯಿತು, ಬೋರ್ಡ್ ಉಳಿದಿದೆ.

120ನೇ ನಂಬರಿನ ಕಟ್ಟಡದ ಕೆಳಗೆ ಆಳೆತ್ತರ ಮೀರಿದ ಒಂದು ಓಣಿ ಹಾದುಹೋಗುತ್ತದೆ. ತಲೆ ಎತ್ತಿ ನೋಡಿ, ಓಣಿಯ ಛಾವಣಿಯೇ ಒಂದು ದೊಡ್ಡ ಪರದೆ, ಅದರಲ್ಲಿ ಚಿತ್ರಗಳು ಓಡಾಡುತ್ತಿರುತ್ತವೆ. ತೋಟದ ಬಾಗಿಲು ಇಲ್ಲೇ. ಬ್ಯಾಗ್ ತಪಾಸಣೆ ಮುಗಿಸಿ ಲಿಫ್ಟ್ ಹತ್ತಿದರೆ 15ನೇ ಮಹಡಿ.

ಈ ಕಟ್ಟಡ ಎರಿಕ್ ಪ್ಯಾರಿ ಅವರ ಸಂಸ್ಥೆಯ ವಿನ್ಯಾಸ, ತೋಟ ತೆರೆದದ್ದು 2019ರಲ್ಲಿ. ಎತ್ತರದಲ್ಲಿ ದೊಡ್ಡದಕ್ಕೆ ಸಮ ಅಲ್ಲ. ಆದರೆ ತೋಟ ಅಂದರೆ ಇದೇ ನೋಡಿ. ತಲೆ ಮೇಲೆ ಗಾಜಿಲ್ಲ, ಬಯಲು. ಮಳೆ ಬಂದರೆ ನೆನೆಯುತ್ತೀರಿ, ಬಿಸಿಲು ಬಂದರೆ ಬೆನ್ನು ಕಾಯಿಸಿಕೊಳ್ಳುತ್ತೀರಿ. ಚಪ್ಪರದ ಮೇಲೆ ವಿಸ್ಟೀರಿಯಾ ಬಳ್ಳಿ ಹಬ್ಬಿದೆ. ಮೇ ತಿಂಗಳ ಸುಮಾರಿಗೆ ತೆಳು ನೇರಳೆ ಹೂಗೊಂಚಲು ಇಳಿಬಿಟ್ಟಿರುತ್ತವೆ, ಅದರ ಕೆಳಗೆ ಬೆಂಚು. ಸಣ್ಣ ನೀರಿನ ಕಾಲುವೆ ಹರಿಯುತ್ತದೆ, ನಿಂತ ನೀರಿನಲ್ಲಿ ಸುತ್ತಲಿನ ಕಟ್ಟಡಗಳು ತಲೆಕೆಳಗಾಗಿ ಕಾಣುತ್ತವೆ. ಸ್ಕೈ ಗಾರ್ಡನ್‌ನಲ್ಲಿ ನಿಂತಾಗ ಆ ಕಟ್ಟಡವೇ ಕಾಣುವುದಿಲ್ಲವಲ್ಲ, ಇಲ್ಲಿಂದ ಅದರ ಪೂರ್ತಿ ದಪ್ಪ ತಲೆ ಕಾಣುತ್ತದೆ. "ಬೆಳಿಗ್ಗೆ ನಾವು ಅಲ್ಲಿದ್ದೆವು" ಅಂತ ಅಮ್ಮ ಬೆರಳು ತೋರಿಸಿ ಊರಿಗೆ ವಿಡಿಯೊ ಕಾಲ್ ಮಾಡಿದ್ದು ಇಲ್ಲಿಂದಲೇ.

ಎರಡನ್ನೂ ಒಂದೇ ದಿನ ನೋಡಿ ಅಂದಿದ್ದು ಇದಕ್ಕೇ. ಮೊದಲನೆಯದರಲ್ಲಿ ಊರು ಕಾಲ ಕೆಳಗೆ, ನಕ್ಷೆಯ ಹಾಗೆ. ಎರಡನೆಯದರಲ್ಲಿ ನೀವು ಊರಿನ ನಡು ಮಧ್ಯೆ ಕೂತಿರುತ್ತೀರಿ, ಕಟ್ಟಡಗಳು ಸುತ್ತ ನಿಂತಿರುತ್ತವೆ. ಒಂದೇ ಒಂದಕ್ಕೆ ಹೊತ್ತಿದ್ದರೆ? ಮೊದಲ ಸಲ ಬಂದವರನ್ನು ದೊಡ್ಡದಕ್ಕೆ ಕರೆದುಕೊಂಡು ಹೋಗಿ. ಗಾಲಿಕುರ್ಚಿಯವರು, ಜನಜಂಗುಳಿ ಆಗದವರು ಇದ್ದರೆ ಚಿಕ್ಕದಕ್ಕೆ. ಎತ್ತರಕ್ಕೆ ತಲೆ ತಿರುಗುವವರಿಗೂ ಚಿಕ್ಕದೇ ವಾಸಿ. ಬೇಸಿಗೆಯ ವಾರದ ದಿನಗಳಲ್ಲಿ ಅದು ಸಂಜೆ ತಡವಾಗಿಯೂ ತೆರೆದಿರುತ್ತದೆ, ವಾರಾಂತ್ಯ ಬೇಗ ಮುಚ್ಚುತ್ತದೆ. ಬರೀ ಎತ್ತರವೇ ಬೇಕು, ತೋಟ ಬೇಡ ಅನ್ನುವವರಿಗೆ 22 ಬಿಷಪ್ಸ್‌ಗೇಟ್‌ನ 58ನೇ ಮಹಡಿಯಲ್ಲಿ ಹರೈಸನ್ 22 ಇದೆ, 2023ರಲ್ಲಿ ತೆರೆದದ್ದು, ಅದೂ ಉಚಿತ, ಅದಕ್ಕೂ ಮುಂಚೆ ಟಿಕೆಟ್ ತೆಗೆಯಬೇಕು.

ಇಳಿದ ಮೇಲೆ ಓಣಿಯಾಚೆಯ ಫೆನ್ ಕೋರ್ಟ್‌ನಲ್ಲಿ ಎರಡು ನಿಮಿಷ ನಿಲ್ಲಿ. ಕಬ್ಬಿನ ಜಲ್ಲೆಗಳಂತೆ ನಿಂತ 17 ಕಲ್ಲಿನ ಕಂಬಗಳಿವೆ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿದ್ದರ ನೆನಪಿಗೆ ಮಾಡಿದ್ದು. 2008ರಲ್ಲಿ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅನಾವರಣ ಮಾಡಿದರು. ಮಂಡ್ಯದವರಿಗೆ ಕಬ್ಬಿನ ಗಿಣ್ಣು ಗುರುತಿಸಲು ಯಾರೂ ಹೇಳಿಕೊಡಬೇಕಿಲ್ಲ. ಅಪ್ಪ ಒಂದು ಕಂಬವನ್ನು ಕೈಯಲ್ಲಿ ತಟ್ಟಿ ನೋಡಿದರು.

ಇನ್ನೂ ಹೊತ್ತು ಉಳಿದಿದ್ದರೆ

ಟವರ್ ಹಿಲ್ ನಿಲ್ದಾಣಕ್ಕೆ ನಡೆಯಿರಿ. ನಮ್ಮವರು ನೋಡಬೇಕಾದ ಇನ್ನೆರಡು ಜಾಗಗಳಿವೆ, ಪಶ್ಚಿಮಕ್ಕೆ ಹೋಗುವ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ರೈಲು ಬದಲಿಸದೆ ಎರಡರ ಕಡೆಗೂ ಹೋಗಬಹುದು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದರೆ ಸಂಸತ್ ಭವನ ನೋಡಿಕೊಂಡು, ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬಾಂಕ್‌ಮೆಂಟ್‌ಗೆ ಹೋಗಬಹುದು. 2015ರ ನವೆಂಬರ್ 14ರಂದು ಅನಾವರಣವಾದ ಬಸವಣ್ಣನವರ ಪ್ರತಿಮೆ ಅಲ್ಲಿದೆ. ಅದೂ ಬಯಲು, ಯಾವ ಹೊತ್ತಿಗಾದರೂ ಹೋಗಬಹುದು.

ಸೌತ್ ಕೆನ್ಸಿಂಗ್‌ಟನ್‌ವರೆಗೆ ಕೂತರೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಲೆಡನ್‌ಹಾಲ್ ಸ್ಟ್ರೀಟ್‌ನ ಆ ಈಸ್ಟ್ ಇಂಡಿಯಾ ಹೌಸ್‌ನಿಂದ ಹೊರಟ ಟಿಪ್ಪುವಿನ ಹುಲಿ ಕೊನೆಗೆ ಸೇರಿದ್ದು ಇಲ್ಲಿಗೆ. ಒಳಗೆ ಹೋಗಲು ದುಡ್ಡಿಲ್ಲ. ಹುಲಿ ಆ ದಿನ ನೋಟಕ್ಕೆ ಇದೆಯಾ ಅಂತ ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೋಗಿ. ಗ್ಯಾಲರಿಗಳ ದುರಸ್ತಿ ನಡೆಯುವಾಗ ವಸ್ತುಗಳನ್ನು ಒಳಗೆ ಇಡುತ್ತಾರೆ. ಮತ್ತೆ, ಇದೆಲ್ಲ ಒಂದೇ ದಿನ ಆಗಬೇಕು ಅಂದರೆ ಶುಕ್ರವಾರವನ್ನೇ ಆರಿಸಿಕೊಳ್ಳಿ. ಅವತ್ತು ಮ್ಯೂಸಿಯಂ ರಾತ್ರಿ 10ರವರೆಗೆ ತೆರೆದಿರುತ್ತದೆ. ಉಳಿದ ದಿನ 5:45ಕ್ಕೇ ಬಾಗಿಲು ಹಾಕುತ್ತಾರೆ.